ಆಟಿಕೆಯ ಉಗಿಯಂತ್ರವೂ ನಮ್ಮ ವಿದ್ಯೆಯೂ

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿ)

ಈ ವರ್ಷದ ಸಂಚಿಕೆಗೆ ಒಂದು ಲೇಖನ ಬರೆದುಕೊಡು ಎಂದು ಕನ್ನಡ ವಿಭಾಗದ ಗುರುಗಳು ಅಪ್ಪಣೆ ಮಾಡಿದಾಗ, “ಆಟಿಕೆಯ ಉಗಿಯಂತ್ರಗಳನ್ನು ಕುರಿತು ಬರೆಯುತ್ತೇನೆ ಸರ್” ಎಂದೆನು. ಪಕ್ಕದಲ್ಲಿದ್ದ ಗೆಳೆಯರು ನಕ್ಕುಬಿಟ್ಟರು. ಅಂತಿಮ ಬಿ.ಎ. ತರಗತಿಗೆ ಬಂದವನು ವಚನಕಾರರ ಸಮಾಜದೃಷ್ಟಿಯನ್ನೋ, ಪ್ರಜಾಪ್ರಭುತ್ವದ ಮುಂದಿರುವ ಸವಾಲುಗಳನ್ನೋ, ನಿರುದ್ಯೋಗ ಸಮಸ್ಯೆಯನ್ನೋ ಕುರಿತು ಬರೆಯುವುದು ವಾಡಿಕೆ. ಮೀಸೆ ಬಂದ ಮೇಲೆ ಆಟಿಕೆಯ ಮಾತೇ ಎಂಬುದು ಅವರ ನಗೆಯ ಅರ್ಥ. ನಗುವವರು ನಗಲಿ. ಓದಿ ಮುಗಿಸಿದ ಮೇಲೆ, ನಾನು ಆಡಿದ್ದು ಬರಿಯ ಆಟಿಕೆಯ ಮಾತಲ್ಲ, ನಮ್ಮ ವಿದ್ಯೆಯ ಮಾತೂ ಹೌದು ಎಂದು ಅವರಿಗೂ ತೋರಬಹುದು.

ನನ್ನ ಅಭಿಪ್ರಾಯವನ್ನು ಮೊದಲಿಗೇ ಹೇಳಿಬಿಡುವೆನು. ಹಳೆಯ ಉಗಿಯಂತ್ರದ ಆಟಿಕೆಯನ್ನು ಗಾಜಿನ ಕಪಾಟಿನಲ್ಲಿಟ್ಟು ಕಾಯುವುದಕ್ಕಿಂತ ನೀರು ಹಾಕಿ, ಉರಿ ಹಚ್ಚಿ ಓಡಿಸುವುದು ಮೇಲು; ಕೆಟ್ಟರೆ ಬಿಚ್ಚಿ ಸರಿಪಡಿಸುವುದು ಅದಕ್ಕಿಂತ ಮೇಲು; ಹೊಸದೊಂದನ್ನು ಕೈಯಾರೆ ಕಟ್ಟುವುದು ಎಲ್ಲಕ್ಕಿಂತ ಮೇಲು. ಆ ಕೆಲಸ ಬಲ್ಲ ಕೈಗೆ ನಮ್ಮಂಥ ಕಲಾ ಕಾಲೇಜಿನಲ್ಲಿಯೂ ಒಂದು ಮಣೆ ಹಾಕಬೇಕು. ಹೀಗೇಕೆ ಹೇಳುತ್ತೇನೆಂಬುದನ್ನು ಇನ್ನು ವಿಸ್ತರಿಸುವೆನು.

ನನಗಾಗ ಏಳು ವರ್ಷ. ಮಹಾನವಮಿಯ ಕಾಲಕ್ಕೆ ರಾಣೆಬೆನ್ನೂರು ತಾಲೂಕಿನ ದೇವರಗುಡ್ಡದಲ್ಲಿ ಮಾಲತೇಶಸ್ವಾಮಿಯ ಕಾರಣಿಕ ನಡೆಯುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಅಜ್ಜ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಅಲ್ಲಿಗೆ ಹೋಗಿದ್ದನು. ಗೊರವಯ್ಯನು ಬಿಲ್ಲನ್ನೇರಿ ನುಡಿದ ಮಾತೇನೆಂಬುದು ನನಗೆ ನೆನಪಿಲ್ಲ. ನೆನಪಿರುವುದು ಜಾತ್ರೆಯ ಒಂದು ಮೂಲೆಯಲ್ಲಿ ಅಗಲವಾದ ಪರಾತಕ್ಕೆ ನೀರು ತುಂಬಿ ಕುಳಿತಿದ್ದ ಒಬ್ಬ ಮುದುಕ. ಆ ನೀರಿನಲ್ಲಿ ಗೇಣುದ್ದದ ಮೂರು ತಗಡಿನ ದೋಣಿಗಳು ಪಟಪಟ ಎಂದು ಸದ್ದು ಮಾಡುತ್ತ ತಾವಾಗಿಯೇ ಸುತ್ತುತ್ತಿದ್ದವು. ಕೀಲಿ ಕೊಟ್ಟದ್ದಿಲ್ಲ, ಸೆಲ್ಲು ಹಾಕಿದ್ದಿಲ್ಲ. ಹೊಟ್ಟೆಯಲ್ಲಿ ಒಂದು ಎಣ್ಣೆಬತ್ತಿ ಉರಿಯುತ್ತಿತ್ತು, ಅಷ್ಟೆ. ಅಜ್ಜ ಚೌಕಾಶಿ ಮಾಡಿ ಇಪ್ಪತ್ತು ರೂಪಾಯಿಗೆ ಒಂದನ್ನು ಕೊಡಿಸಿದನು. ನಮ್ಮ ಓಣಿಯ ಹುಡುಗರು ಅದಕ್ಕೆ ‘ಪಟಪಟಿ ದೋಣಿ’ ಎಂದು ಹೆಸರಿಟ್ಟರು. ಈಗ ನನ್ನ ಹತ್ತಿರ ಇರುವ ಸಂಗ್ರಹಕ್ಕೆ ಮೂಲಪುರುಷನು ಆ ದೋಣಿಯೇ.

ಎರಡು ದಿವಸ ಓಡಿಸಿ, ಮೂರನೆಯ ದಿವಸ ಅದನ್ನು ಬಿಚ್ಚಿದೆನು. ಒಳಗೆ ಚಕ್ರವಿಲ್ಲ, ಹಲ್ಲುಗಾಲಿಯಿಲ್ಲ. ತೆಳುವಾದ ತಗಡಿನ ಒಂದು ಪುಟ್ಟ ಡಬ್ಬಿ. ಅದರಿಂದ ಹೊರಟು ದೋಣಿಯ ಹಿಂಭಾಗದಲ್ಲಿ ನೀರಿನೊಳಗೆ ಬಾಯಿ ತೆರೆದ ಎರಡು ಸಣ್ಣ ಕೊಳವೆಗಳು. ಇದರ ಕೆಲಸ ಹೀಗೆ: ಬತ್ತಿಯ ಉರಿಗೆ ಡಬ್ಬಿಯೊಳಗಿನ ಹನಿ ನೀರು ಉಗಿಯಾಗಿ ಹಿಗ್ಗಿ, ಕೊಳವೆಯಲ್ಲಿರುವ ನೀರನ್ನು ಹಿಂದಕ್ಕೆ ದಬ್ಬುತ್ತದೆ. ಕೊಳವೆಗೆ ಇಳಿದ ಉಗಿ ತಣಿದು ಮತ್ತೆ ನೀರಾಗುತ್ತಲೇ ಒಳಗೆ ಒತ್ತಡ ಕುಸಿದು, ಹೊರಗಿನ ನೀರು ಒಳಕ್ಕೆ ಸೇದಲ್ಪಡುತ್ತದೆ. ಹಾಗಾದರೆ ದೋಣಿ ಮುಂದೊಮ್ಮೆ ಹಿಂದೊಮ್ಮೆ ತೂಗಾಡಬೇಕಲ್ಲ, ಮುಂದಕ್ಕೇ ಏಕೆ ಹೋಗುತ್ತದೆ? ಹೊರಬೀಳುವ ನೀರು ಪಿಚಕಾರಿಯಂತೆ ಒಂದೇ ದಿಕ್ಕಿಗೆ ಚಿಮ್ಮುತ್ತದೆ. ಒಳಬರುವ ನೀರು ಸುತ್ತಣ ಎಲ್ಲ ದಿಕ್ಕುಗಳಿಂದ ನುಗ್ಗುತ್ತದೆ. ದಬ್ಬಿದ ಬಲ ನಿಲ್ಲುತ್ತದೆ, ಸೇದಿದ ಬಲ ಚದರಿಹೋಗುತ್ತದೆ. ಡಬ್ಬಿಯ ತೆಳು ತಗಡು ಒಳಹೊರಗೆ ಬಡಿದುಕೊಳ್ಳುವುದರಿಂದ ಆ ಪಟಪಟ ಸದ್ದು. ಥಾಮಸ್ ಪಿಯೊ ಎಂಬಾತನು ೧೮೯೧ರಲ್ಲಿ ಇಂಗ್ಲೆಂಡಿನಲ್ಲಿ ಇಂಥ ದೋಣಿಗೆ ಪೇಟೆಂಟ್ ಪಡೆದನು. ಅದು ಹೇಗೆ ಹೇಗೆ ಸಮುದ್ರ ದಾಟಿ ದೇವರಗುಡ್ಡದ ಪರಾತಕ್ಕೆ ಬಂದಿತೋ, ಆ ಮಾಲತೇಶನೇ ಬಲ್ಲ.

ಬಿಚ್ಚಿದಾಗ ಇನ್ನೊಂದು ಸಂಗತಿ ಕಂಡಿತು. ತಗಡಿನ ಒಳಮೈ ಮೇಲೆ ಅಡಿಗೆ ಎಣ್ಣೆಯ ಡಬ್ಬಿಯ ಅರ್ಧರ್ಧ ಅಕ್ಷರಗಳಿದ್ದವು. ಬಿಸಾಡಿದ ಡಬ್ಬಿಯನ್ನು ಕತ್ತರಿಸಿ, ಬಡಿದು, ಬೆಸೆದು ಯಾರೋ ಆ ದೋಣಿಯನ್ನು ಮಾಡಿದ್ದರು. ಎಣ್ಣೆಯ ಕಂಪನಿಯ ಹೆಸರು ಅದರಲ್ಲಿ ಉಳಿದಿತ್ತು. ದೋಣಿ ಮಾಡಿದವನ ಹೆಸರು ಎಲ್ಲಿಯೂ ಇರಲಿಲ್ಲ.

ಇದು ನನ್ನ ಕಣ್ಣಿಗೆ ಬೀಳಲು ಕಾರಣವುಂಟು. ನಮ್ಮ ತಂದೆಯವರೂ ತಗಡಿನ ಕೆಲಸದವರೇ. ಹಾವೇರಿಯಲ್ಲಿ ಅವರದೊಂದು ಗೂಡಂಗಡಿ. ಅಜ್ಜನ ಕಾಲಕ್ಕೆ ಚಿಮಣಿ, ಕಂದೀಲು, ಟ್ರಂಕು, ಆಲಿಕೆ, ಸೇರು-ಪಾವು ಎಲ್ಲವೂ ಅಲ್ಲಿಯೇ ಆಗುತ್ತಿದ್ದವು. ಮನೆಮನೆಗೆ ವಿದ್ಯುತ್ತು ಬಂದು ಚಿಮಣಿಯ ಕಾಲ ಮುಗಿಯಿತು. ಪ್ಲಾಸ್ಟಿಕ್ಕು ಬಂದು ಆಲಿಕೆಯ ಕಾಲವೂ ಮುಗಿಯಿತು. ಈಗ ಉಳಿದಿರುವುದು ಸೋರುವ ಪಾತ್ರೆ, ಕಾಳಿನ ಡಬ್ಬಿ, ಬ್ಯಾಡಗಿ ಪೇಟೆಯವರು ಯಾವಾಗಲಾದರೊಮ್ಮೆ ಹೇಳಿ ಮಾಡಿಸುವ ಮೆಣಸಿನಕಾಯಿ ಮೊಗೆಯುವ ಮೊರ, ಇಷ್ಟೇ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗನು.

ಆ ದೋಣಿಯಿಂದ ಮೊದಲಾದ ಹುಚ್ಚು ನಿಲ್ಲಲಿಲ್ಲ. ಹಾವೇರಿಯ ಜಾತ್ರೆಯಲ್ಲಿ ಎರಡನೆಯ ದೋಣಿ ಸಿಕ್ಕಿತು. ರಾಣೆಬೆನ್ನೂರಿನ ಒಂದು ಗುಜರಿ ಅಂಗಡಿಯಲ್ಲಿ, ತುಕ್ಕು ಹಿಡಿದ ಸರಕಿನ ಕೆಳಗೆ, ಸಾಲಾಗಿ ತೂತು ಕೊರೆದ ತಗಡಿನ ಪಟ್ಟಿಗಳು, ಗಾಲಿಗಳು, ಸಣ್ಣ ಬೋಲ್ಟುಗಳು ಒಂದು ಬಿಸ್ಕೀಟಿನ ಡಬ್ಬಿಯಲ್ಲಿ ದೊರೆತವು. ತೂಕದ ಲೆಕ್ಕದಲ್ಲಿ ಕೊಂಡೆನು. ಪುಸ್ತಕಗಳನ್ನೂ ಮೊಬೈಲನ್ನೂ ಹುಡುಕಿದ ಮೇಲೆ, ಅವು ‘ಮೆಕ್ಯಾನೋ’ ಎಂಬ ಆಟಿಕೆಯ ಜಾತಿಗೆ ಸೇರಿದವೆಂದು ತಿಳಿಯಿತು. ಅದನ್ನು ಕಂಡುಹಿಡಿದ ಫ್ರಾಂಕ್ ಹಾರ್ನ್‌ಬಿಯು ಎಂಜಿನಿಯರನಲ್ಲ. ಲಿವರ್‌ಪೂಲಿನಲ್ಲಿ ಮಾಂಸ ಆಮದು ಮಾಡಿಕೊಳ್ಳುವ ಒಂದು ಕಚೇರಿಯ ಗುಮಾಸ್ತ. ತನ್ನ ಮಕ್ಕಳ ಆಟಕ್ಕೆಂದು ತಗಡಿನ ಪಟ್ಟಿಗಳನ್ನು ಕತ್ತರಿಸಿ, ಸಮಾನ ಅಂತರದಲ್ಲಿ ತೂತು ಕೊರೆದು, ಅದೇ ತುಂಡುಗಳಿಂದ ಇಂದು ಸೇತುವೆಯನ್ನೂ ನಾಳೆ ಕ್ರೇನನ್ನೂ ಕಟ್ಟಬಹುದೆಂದು ತೋರಿಸಿದನು. ೧೯೦೧ರಲ್ಲಿ ಪೇಟೆಂಟ್ ಪಡೆದನು. ೧೯೯೬ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಪಡೆದವರಲ್ಲೊಬ್ಬರಾದ ಹೆರಾಲ್ಡ್ ಕ್ರೋಟೊ ಅವರು, ಬಾಲ್ಯದಲ್ಲಿ ಈ ಪಟ್ಟಿಗಳಿಂದ ಕಟ್ಟಿ ಆಡಿದ್ದೇ ತಮ್ಮ ಶಿಕ್ಷಣದ ಒಂದು ಮುಖ್ಯ ಭಾಗವೆಂದು ತಿಳಿದಿದ್ದರು.

ಇಂಥ ಪಟ್ಟಿಗಳಿಂದ ಕಟ್ಟಿದ ಕ್ರೇನನ್ನೂ ಗಿರಣಿಯನ್ನೂ ತಿರುಗಿಸುವುದಕ್ಕೆ ಯುರೋಪಿನ ಮಕ್ಕಳು ಆಟಿಕೆಯ ಉಗಿಯಂತ್ರವನ್ನು ಜೋಡಿಸುತ್ತಿದ್ದರು. ಜರ್ಮನಿಯ ನ್ಯೂರೆಂಬರ್ಗಿನಲ್ಲಿ ಬಿಂಗ್ ಸಹೋದರರ ಕಾರಖಾನೆ ಇವುಗಳಿಗೆ ಹೆಸರುವಾಸಿಯಾಗಿತ್ತು. ೧೯೩೭ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಜೆಫ್ರಿ ಮ್ಯಾಲಿನ್ಸ್ ಎಂಬಾತನು ‘ಮ್ಯಾಮಾಡ್’ ಯಂತ್ರಗಳನ್ನು ಆರಂಭಿಸಿದನು. ಹಿತ್ತಾಳೆಯ ಬಾಯ್ಲರು, ಅದರ ಕೆಳಗೆ ಸ್ಪಿರಿಟ್ಟಿನ ದೀಪ, ತಲೆಯ ಮೇಲೆ ಒತ್ತಡ ಮಿತಿಮೀರಿದರೆ ಉಗಿ ಬಿಡುವ ಒಂದು ಸುರಕ್ಷಾ ಕವಾಟ, ಪಕ್ಕದಲ್ಲಿ ತೂಗುವ ಸಿಲಿಂಡರು. ಈ ತೂಗುವ ಸಿಲಿಂಡರೇ ಅದರ ಜಾಣತನ. ಅದು ತೊಟ್ಟಿಲಿನಂತೆ ಅತ್ತ ವಾಲಿದಾಗ ಅದರ ತೂತು ಉಗಿ ಬರುವ ತೂತಿಗೆ ಕೂಡುತ್ತದೆ. ಇತ್ತ ವಾಲಿದಾಗ ಉಗಿ ಹೊರಹೋಗುವ ತೂತಿಗೆ ಕೂಡುತ್ತದೆ. ಬೇರೆ ಕವಾಟವೇ ಬೇಡ. ಒಂದು ಹಿಡಿಯಲ್ಲಿ ಹಿಡಿಯುವಷ್ಟು ಸರಳ ಯಂತ್ರ. ಆದರೆ ನಮ್ಮ ಊರ ಹಳಿಯ ಮೇಲೆ ಓಡಿದ ದೊಡ್ಡ ಎಂಜಿನ್ನಿನಲ್ಲಿದ್ದ ತತ್ವವೂ ಇದೇ.

ಆ ದೊಡ್ಡ ಎಂಜಿನ್ನುಗಳು ನಮಗೆ ಪರಕೀಯವಲ್ಲ. ಹರಿಹರದಿಂದ ರಾಣೆಬೆನ್ನೂರು, ಬ್ಯಾಡಗಿ, ಹಾವೇರಿಗಳ ಮೇಲೆ ಹಾಯ್ದು ಹುಬ್ಬಳ್ಳಿಗೆ ಹೋಗುವ ಹಾದಿಯನ್ನು ೧೮೮೦ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿಯು ಹಾಕಿತು. ನಮ್ಮ ಮೆಣಸಿನಕಾಯಿಯನ್ನೂ ಹತ್ತಿಯನ್ನೂ ಹೊತ್ತದ್ದು ಉಗಿಯೇ. ಎಂಜಿನ್ನಿನ ಸಿಳ್ಳು ಕೇಳಿಯೇ ಅಂಗಡಿ ತೆರೆಯುತ್ತಿದ್ದೆವೆಂದು ಅಜ್ಜ ಹೇಳುತ್ತಿದ್ದನು. ೧೯೯೦ರ ದಶಕದಲ್ಲಿ ಆ ಮೀಟರ್ ಗೇಜ್ ಹೋಗಿ ಬ್ರಾಡ್ ಗೇಜ್ ಬಂದಿತು. ೨೦೨೩ರಿಂದ ವಂದೇ ಭಾರತ್ ಗಾಡಿ ಈ ಹಾದಿಯಲ್ಲಿ ಸುಳಿಗಾಳಿಯಂತೆ ಹಾಯ್ದುಹೋಗುತ್ತಿದೆ. ಉಗಿಯ ಎಂಜಿನ್ನನ್ನು ನೋಡಬೇಕಾದರೆ ೧೯೭೯ರಲ್ಲಿ ತೆರೆದ ಮೈಸೂರಿನ ರೈಲು ವಸ್ತುಸಂಗ್ರಹಾಲಯಕ್ಕೆ ಹೋಗಬೇಕು. ಅಲ್ಲಿ ಅದು ನಿಂತಿರುತ್ತದೆ. ಅದರ ಒಲೆ ತಣ್ಣಗಿರುತ್ತದೆ. ದೊಡ್ಡದಕ್ಕೆ ಆ ಗತಿ ಬಂದದ್ದು ಅನಿವಾರ್ಯವೆನ್ನೋಣ. ಸಣ್ಣದಕ್ಕೂ ಅದೇ ಗತಿ ಏಕೆ ಬರಬೇಕು?

ಈ ಪ್ರಶ್ನೆ ಹುಟ್ಟಿದ್ದು ಹುಬ್ಬಳ್ಳಿಯಲ್ಲಿ. ಅಲ್ಲಿಯ ಒಬ್ಬ ಹಿರಿಯರ ಮನೆಯಲ್ಲಿ ನಿಜವಾದ ಮ್ಯಾಮಾಡ್ ಯಂತ್ರವಿದೆಯೆಂದು ಗೆಳೆಯನೊಬ್ಬ ಹೇಳಿದ್ದರಿಂದ, ಕಳೆದ ವರ್ಷ ಅಪ್ಪಣೆ ಕೇಳಿ ನೋಡಲು ಹೋದೆನು. ಬಹಳ ಸಜ್ಜನರು. ಚಹಾ ಕೊಟ್ಟು, ಕಪಾಟಿನ ಕೀಲಿ ತೆಗೆದು ತೋರಿಸಿದರು. ಕೆಂಪು ಬಣ್ಣದ ಗಾಲಿ, ಹೊಳೆಯುವ ಬಾಯ್ಲರು, ಜತೆಗೆ ಅದು ಬಂದ ರಟ್ಟಿನ ಪೆಟ್ಟಿಗೆ. “ಹೇಗೆ ಓಡುತ್ತದೆ ಸರ್?” ಎಂದು ಕೇಳಿದೆನು. “ಇದುವರೆಗೆ ಒಮ್ಮೆಯೂ ಉರಿ ಹಚ್ಚಿಲ್ಲಪಾ, ಹಚ್ಚಿದರೆ ಬೆಲೆ ಬಿದ್ದುಹೋಗುತ್ತದೆ” ಎಂದರು. ಅವರು ಹೇಳಿದ್ದು ದಿಟವೇ. ಸಂಗ್ರಾಹಕರ ಪೇಟೆಯಲ್ಲಿ, ಪೆಟ್ಟಿಗೆಯ ಸಮೇತ ಇರುವ, ಉರಿ ಕಾಣದ ಯಂತ್ರಕ್ಕೆ ಬೆಲೆ ಹೆಚ್ಚು. ಉರಿದು, ಬಣ್ಣ ಸುಟ್ಟು, ಮಕ್ಕಳ ಕೈಯಲ್ಲಿ ಸವೆದದ್ದಕ್ಕೆ ಬೆಲೆ ಕಡಿಮೆ.

ಹುಬ್ಬಳ್ಳಿಯಿಂದ ಹಿಂದಿರುಗುವಾಗ ಗಾಡಿಯಲ್ಲಿ ಕುಳಿತು ಇದನ್ನೇ ಯೋಚಿಸಿದೆನು. ಓಡುವುದಕ್ಕಾಗಿ ಹುಟ್ಟಿದ ವಸ್ತುವೊಂದು ಓಡದೆ ಇದ್ದುದರಿಂದಲೇ ಬೆಲೆಬಾಳುತ್ತದೆ! ಆ ಹಿರಿಯರನ್ನು ನಾನು ದೂಷಿಸುವುದಿಲ್ಲ. ಅವರಂಥವರು ಕಾಯದಿದ್ದರೆ ಆ ಯಂತ್ರ ಎಂದೋ ಗುಜರಿಗೆ ಬೀಳುತ್ತಿತ್ತು. ನಾನು ಕಣ್ಣಿಂದ ಕಾಣುವಂತೆಯೂ ಇರಲಿಲ್ಲ. ಆದರೆ ನನಗೆ ಥಟ್ಟನೆ ನೆನಪಾದುದು ನಮ್ಮ ಪದವಿ. ಅದೂ ಹೀಗೆಯೇ ಅಲ್ಲವೇ? ಕೈಗೆ ಮಸಿ ಹತ್ತದಿದ್ದಷ್ಟೂ ಓದಿದವನ ಬೆಲೆ ಹೆಚ್ಚು ಎಂದು ನಾವೂ, ನಮ್ಮ ತಂದೆತಾಯಿಗಳೂ ತಿಳಿದಿದ್ದೇವೆ.

ಮನೆಗೆ ಬಂದು ಮೊಬೈಲಿನಲ್ಲಿ ತೆಗೆದ ಆ ಯಂತ್ರದ ಚಿತ್ರವನ್ನು ತಂದೆಯವರಿಗೆ ತೋರಿಸಿದೆನು. ಅವರು ಕನ್ನಡಕ ಏರಿಸಿ, ಚಿತ್ರವನ್ನು ದೊಡ್ಡದು ಮಾಡಿಸಿ, ಬಾಯ್ಲರಿನ ಅಂಚನ್ನೇ ಬಹಳ ಹೊತ್ತು ನೋಡಿದರು. “ಬೆಸಿಗಿ ಚಲೋ ಐತಿ. ಆದ್ರ ಈ ಮೂಲ್ಯಾಗ ಹಚ್ಚಾಂವ ಅವಸರ ಮಾಡ್ಯಾನ” ಎಂದರು. ಸಂಗ್ರಾಹಕರ ಗ್ರಂಥಗಳಲ್ಲಿ ಆ ಯಂತ್ರದ ಮಾದರಿ ಯಾವುದು, ಬಣ್ಣ ಯಾವುದು, ಪೆಟ್ಟಿಗೆಯ ಮೇಲಿನ ಚಿತ್ರ ಯಾವುದು ಎಂಬುದೆಲ್ಲ ಇದೆ. ಬರ್ಮಿಂಗ್‌ಹ್ಯಾಮಿನಲ್ಲಿ ಒಬ್ಬ ಕೆಲಸಗಾರನು ಒಂದು ದಿವಸ ಅವಸರ ಮಾಡಿದನೆಂಬುದನ್ನು ನನಗೆ ಓದಿ ಹೇಳಿದವರು ಏಳನೆಯ ಇಯತ್ತೆಗೆ ಶಾಲೆ ಬಿಟ್ಟ ನನ್ನ ತಂದೆ. ಅದೂ ಒಂದು ಬಗೆಯ ಓದು ಎಂದು ನನಗೆ ಅಂದು ತಿಳಿಯಿತು.

ಇಲ್ಲಿ ಚರಿತ್ರೆಯ ಎರಡು ಸಂಗತಿಗಳನ್ನು ವಾಚಕರ ಮುಂದಿಡುವೆನು. ಉಗಿಯಿಂದ ತಿರುಗುವ ಗೋಳವೊಂದನ್ನು ಕ್ರಿಸ್ತಶಕ ಒಂದನೆಯ ಶತಮಾನದಷ್ಟು ಹಿಂದೆಯೇ ಅಲೆಕ್ಸಾಂಡ್ರಿಯಾದ ಹೀರೋ ಎಂಬ ವಿದ್ವಾಂಸನು ವರ್ಣಿಸಿದ್ದಾನೆ. ಅದು ಬೆರಗು ಹುಟ್ಟಿಸುವ ಆಟಿಕೆಯಾಗಿ ಉಳಿಯಿತೇ ಹೊರತು ಯಾರ ದುಡಿಮೆಯನ್ನೂ ಹಗುರಗೊಳಿಸಲಿಲ್ಲ. ದುಡಿಯಲು ಗುಲಾಮರಿದ್ದ ಸಮಾಜದಲ್ಲಿ ಬಲ್ಲವರು ದುಡಿಮೆಯ ಕಡೆಗೆ ತಿರುಗಿ ನೋಡಲಿಲ್ಲವೆಂದು ಹೇಳುವವರುಂಟು. ಕಾರಣಗಳು ಬೇರೆಯೂ ಇರಬಹುದು. ಈ ಮಾತಿನಲ್ಲಿ ಹುರುಳಿಲ್ಲವೆನ್ನಲಾರೆವು.

ಎರಡನೆಯದು ಗ್ಲಾಸ್ಗೋ ವಿಶ್ವವಿದ್ಯಾಲಯದ ಕಥೆ. ಜೇಮ್ಸ್ ವಾಟನು ಉಪಕರಣಗಳನ್ನು ಮಾಡುವ ಕೆಲಸಗಾರನಾಗಿದ್ದನು. ಕ್ರಮವಾಗಿ ಏಳು ವರ್ಷ ಉಮೇದುವಾರಿ ಮಾಡಿಲ್ಲವೆಂದು ಅಲ್ಲಿಯ ಲೋಹಗೆಲಸದವರ ಸಂಘವು ಅವನಿಗೆ ಊರಲ್ಲಿ ಅಂಗಡಿ ಹಾಕಲು ಬಿಡಲಿಲ್ಲ. ಆಗ ವಿಶ್ವವಿದ್ಯಾಲಯವು ೧೭೫೭ರಲ್ಲಿ ತನ್ನ ಆವರಣದೊಳಗೇ ಅವನಿಗೊಂದು ಕೋಣೆ ಕೊಟ್ಟಿತು. ಗಣಿಗಳಿಂದ ನೀರೆತ್ತಲು ೧೭೧೨ರಲ್ಲಿ ನ್ಯೂಕಮನ್ನನು ಕಟ್ಟಿದ ಯಂತ್ರದ ಒಂದು ಪುಟ್ಟ ಮಾದರಿ, ಪಾಠಕ್ಕೆಂದು ಆ ವಿಶ್ವವಿದ್ಯಾಲಯದಲ್ಲಿತ್ತು. ಅದು ಸರಿಯಾಗಿ ಓಡುತ್ತಿರಲಿಲ್ಲ. ೧೭೬೩-೬೪ರ ಚಳಿಗಾಲದಲ್ಲಿ ರಿಪೇರಿಗೆಂದು ವಾಟನ ಕೈಗೆ ಬಂದಿತು. ಸರಿಪಡಿಸಿದರೂ ನಾಲ್ಕಾರು ಸಲ ಆಡಿ ನಿಂತುಬಿಡುತ್ತಿತ್ತು. ಬಾಯ್ಲರಿನ ಉಗಿ ಸಾಲುತ್ತಿರಲಿಲ್ಲ. ಏಕೆ ಎಂದು ಬೆನ್ನು ಹತ್ತಿದ ವಾಟನಿಗೆ, ಪ್ರತಿಯೊಂದು ಸಲವೂ ಸಿಲಿಂಡರನ್ನೇ ತಣಿಸಿ ಮತ್ತೆ ಕಾಯಿಸುವುದರಲ್ಲಿ ಉಗಿಯೆಲ್ಲ ವ್ಯರ್ಥವಾಗುತ್ತದೆಂದು ತಿಳಿಯಿತು. ಉಗಿಯನ್ನು ಬೇರೊಂದು ಪಾತ್ರೆಯಲ್ಲಿ ತಣಿಸಬೇಕೆಂಬ ಉಪಾಯ ೧೭೬೫ರಲ್ಲಿ ಹೊಳೆಯಿತು. ೧೭೬೯ರಲ್ಲಿ ಪೇಟೆಂಟ್ ಆಯಿತು. ಲೋಕದ ಕೈಗಾರಿಕೆಯನ್ನೇ ತಿರುಗಿಸಿದ ಯಂತ್ರವು, ಒಂದು ವಿದ್ಯಾಸಂಸ್ಥೆಯಲ್ಲಿ ಕೆಟ್ಟು ಕುಳಿತಿದ್ದ ಆಟಿಕೆಯಂಥ ಮಾದರಿಯ ರಿಪೇರಿಯಿಂದ ಹುಟ್ಟಿತು. ಅದೇ ಕಾಲದಲ್ಲಿ ಅದೇ ವಿಶ್ವವಿದ್ಯಾಲಯದಲ್ಲಿ ನೀತಿಶಾಸ್ತ್ರದ ಪ್ರಾಧ್ಯಾಪಕನಾಗಿದ್ದವನು ನಮ್ಮ ಅರ್ಥಶಾಸ್ತ್ರದ ಪಠ್ಯದಲ್ಲಿ ಬರುವ ಆಡಂ ಸ್ಮಿತ್ತನು. ಕಲಾ ವಿಭಾಗದ ಪಂಡಿತನೂ ಲೋಹಗೆಲಸದವನೂ ಒಂದೇ ಆವರಣದಲ್ಲಿ ಓಡಾಡಿಕೊಂಡಿದ್ದರು. ಅಲ್ಲಿ ಕಪಾಟಿಗೆ ಕೀಲಿ ಹಾಕಿ, ಕೆಲಸಗಾರನನ್ನು ಗೇಟಿನ ಹೊರಗೆ ನಿಲ್ಲಿಸಿದ್ದರೆ ಏನಾಗುತ್ತಿತ್ತು?

ಈ ಕಥೆ ಓದಿದ ಮೇಲೆ ನಾನೇ ಒಂದು ಉಗಿಯಂತ್ರವನ್ನು ಕಟ್ಟಬೇಕೆಂದು ನಿಶ್ಚಯಿಸಿದೆನು. ಮ್ಯಾಮಾಡ್ ಕೊಳ್ಳುವ ಶಕ್ತಿ ನನಗಿಲ್ಲ. ಹಳೆಯ ಹಿತ್ತಾಳೆ ತಂಬಿಗೆಯ ಬಾಯಿ ಮುಚ್ಚಿ ಬಾಯ್ಲರು, ಹಿತ್ತಾಳೆಯ ಕೊಳವೆಯ ತುಂಡಿನಿಂದ ಸಿಲಿಂಡರು, ಸೈಕಲ್ಲಿನ ಕಡ್ಡಿಯಿಂದ ಅಚ್ಚು, ರಾಣೆಬೆನ್ನೂರಿನ ಆ ಗುಜರಿ ಪಟ್ಟಿಗಳಿಂದ ಚೌಕಟ್ಟು. ಕದ್ದು ಮುಚ್ಚಿ ಮಾಡುತ್ತಿದ್ದೆನು. ಒಂದು ರವಿವಾರ ಅಂಗಡಿಯ ಹಿಂದೆ ಕುಳಿತು ನವಸಾಗರ ಹಚ್ಚಿ ಬೆಸುಗೆ ಹಾಕುತ್ತಿದ್ದಾಗ ತಂದೆಯವರು ಕಂಡರು. ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದ್ದರೆ ಚೆನ್ನಾಗಿತ್ತು. “ಯಾಕೋ ತಮ್ಮಾ, ನಾ ಇಷ್ಟು ವರ್ಸ ಬೆಸಿಗಿ ಹಚ್ಚಿದ್ದು ನೀ ಹಚ್ಚಬಾರದು ಅಂತ” ಎಂದು ಹೇಳಿ ಒಳಗೆ ಹೋದರು. ಕೈಯಲ್ಲಿದ್ದ ಕೆಲಸವನ್ನು ಹಾಗೆಯೇ ಬಿಟ್ಟು ಎರಡು ವಾರ ಮುಟ್ಟಲಿಲ್ಲ.

ಮತ್ತೆ ಮುಟ್ಟಿದಾಗ ಅಪಘಾತವಾಯಿತು. ಯಂತ್ರ ಮೊದಲ ಸಲ ಓಡಿದ ಸಂತೋಷದಲ್ಲಿ, ಬಾಯ್ಲರಿನ ನೀರು ತೀರಿದ್ದನ್ನು ನಾನು ಗಮನಿಸಲಿಲ್ಲ. ತಳದ ಬೆಸುಗೆ ಕರಗಿ ಹನಿಹನಿಯಾಗಿ ಉದುರಿತು. ಬಿಸಿಯ ಹನಿಯೊಂದು ಜತೆಗಿದ್ದ ಗೆಳೆಯನ ಅಂಗೈಗೆ ಬಿದ್ದು ಬೊಬ್ಬೆ ಎದ್ದಿತು. ತಪ್ಪು ಪೂರ್ತಿ ನನ್ನದೇ. ಸದ್ದು ಕೇಳಿ ಬಂದ ತಂದೆಯವರು ಗೆಳೆಯನ ಕೈಯನ್ನು ತಣ್ಣೀರಿನಲ್ಲಿ ಹಿಡಿದರು. ಅವನು ಮನೆಗೆ ಹೋದ ಮೇಲೆ ಮುರಿದ ಯಂತ್ರವನ್ನು ತೊಡೆಯ ಮೇಲಿಟ್ಟುಕೊಂಡು ನನಗೆ ಪಾಠ ಹೇಳಿದರು. “ನೀರು ಇರೂತನಾ ಬೆಂಕಿ ಬೆಸಿಗೀನ ಏನೂ ಮಾಡೂದಿಲ್ಲ. ನೀರು ತೀರಿತಂದ್ರ ಬಿಡೂದಿಲ್ಲ.” ಪುಸ್ತಕದ ಭಾಷೆಯಲ್ಲಿ ಹೇಳುವುದಾದರೆ, ತವರ ಮತ್ತು ಸೀಸದ ಬೆಸುಗೆ ಕರಗಲು ೧೮೩ ಡಿಗ್ರಿ ಸೆಲ್ಸಿಯಸ್ಸಿಗಿಂತ ಹೆಚ್ಚಿನ ಕಾವು ಬೇಕು. ಆಟಿಕೆಯ ಅಲ್ಪ ಒತ್ತಡದಲ್ಲಿ ನೀರು ೧೦೦ ಡಿಗ್ರಿಗಿಂತ ಸ್ವಲ್ಪವೇ ಮೇಲೆ ಕುದಿಯುತ್ತದೆ. ಒಳಗೆ ನೀರಿರುವ ತನಕ ತಗಡು ಅದನ್ನು ಮೀರಿ ಕಾಯುವುದಿಲ್ಲ. ಅಂದಿನಿಂದ ನಾವಿಬ್ಬರೂ ಕೂಡಿಯೇ ಕಟ್ಟತೊಡಗಿದೆವು. ತಳಕ್ಕೆ ಅವರು ಇಮ್ಮಡಿ ಅಂಚು ಮಡಿಚಿದರು. ಸ್ಪ್ರಿಂಗಿನ ಸುರಕ್ಷಾ ಕವಾಟ ಕೂರಿಸಿದರು. ನೀರಿನ ಮಟ್ಟ ಕಾಣಲು ಒಂದು ಗಾಜಿನ ಕೊಳವೆ ಹಚ್ಚೋಣವೆಂದು ನಾನು ಸೂಚಿಸಿದೆನು. ಚಳಿಗಾಲದ ಮುಂಜಾವಿನಲ್ಲಿ ಯಂತ್ರ ನಾಲ್ಕು ಸುತ್ತು ತಿರುಗಿ ನಿಲ್ಲುತ್ತಿತ್ತು. ವಾಟನ ಕಥೆ ನೆನೆದು, ಉಗಿಯ ಕೊಳವೆಗೆ ಹಳೆಯ ಕಂಬಳಿಯ ಚೂರು ಸುತ್ತಿದೆವು. ಓಡಿತು! ಸುಟ್ಟ ಉಣ್ಣೆಯ ವಾಸನೆಗೆ ಅವ್ವ ಬೈದಳೆಂಬುದು ಬೇರೆ ಮಾ���ು. ಸಣ್ಣ ವಸ್ತುವಿಗೆ ಅದರ ಗಾತ್ರಕ್ಕೆ ಹೋಲಿಸಿದರೆ ಮೈ ಹೆಚ್ಚು, ಆದ್ದರಿಂದ ಅದು ಬೇಗ ತಣಿಯುತ್ತದೆ ಎಂಬುದನ್ನು ನಾನು ಯಾವ ಪರೀಕ್ಷೆಗೂ ಓದಿಲ್ಲ. ಆದರೆ ಎಂದಿಗೂ ಮರೆಯಲಾರೆನು.

ಈಗ ಆಕ್ಷೇಪಣೆಗಳಿಗೆ ಬರೋಣ. ಇದು ಐ.ಟಿ.ಐ.ಯವರ, ವಿಜ್ಞಾನದವರ ಕೆಲಸ, ಕಲಾ ವಿದ್ಯಾರ್ಥಿಗಳಿಗೇಕೆ ಎಂದು ಕೆಲವರು ಕೇಳುವರು. ಅಂಬಿಗರ ಚೌಡಯ್ಯನ ಹೆಸರು ಹೊತ್ತ ಚೌಡಯ್ಯದಾನಪುರವು ನಮ್ಮ ರಾಣೆಬೆನ್ನೂರು ತಾಲೂಕಿನಲ್ಲಿಯೇ ತುಂಗಭದ್ರೆಯ ದಂಡೆಯ ಮೇಲಿದೆ. ಆತನ ವಚನಗಳ ಸಾಮಾಜಿಕ ವಿಡಂಬನೆಯ ಮೇಲೆ ನಾವು ಹತ್ತು ಅಂಕಗಳ ಉತ್ತರ ಬರೆಯುತ್ತೇವೆ. ಹುಟ್ಟು ಹಾಕುವಾಗ ಅಂಬಿಗನು ಮೈಯ ಭಾರವನ್ನು ಎತ್ತ ಹಾಕುತ್ತಾನೆಂದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಕಾಯಕದ ತತ್ವವನ್ನು ಕಾಯವನ್ನು ಅಲುಗಿಸದೆಯೇ ಕಲಿತು ಮುಗಿಸುವ ವಿದ್ಯೆ ನಮ್ಮದು.

ಇದೆಲ್ಲವನ್ನೂ ಮೊಬೈಲಿನಲ್ಲಿ ನೋಡಬಹುದಲ್ಲ ಎನ್ನುವರು ಮತ್ತೆ ಕೆಲವರು. ನೋಡಬಹುದು, ನಾನೂ ನೋಡಿಯೇ ಎಷ್ಟೋ ಕಲಿತಿದ್ದೇನೆ. ಕಸದಿಂದ ಆಟಿಕೆ ಮಾಡಿ ವಿಜ್ಞಾನ ಕಲಿಸುವ ಅರವಿಂದ ಗುಪ್ತಾ ಅವರ ಚಿತ್ರಗಳನ್ನು ನೋಡದಿದ್ದರೆ, ಪಟಪಟಿ ದೋಣಿಯನ್ನು ಹಾಲಿನ ಪೊಟ್ಟಣದ ರಟ್ಟಿನಿಂದಲೂ ಮಾಡಬಹುದೆಂದು ನನಗೆ ತಿಳಿಯುತ್ತಿರಲಿಲ್ಲ. ಅವರು ಕಾನಪುರದ ಐ.ಐ.ಟಿ.ಯಲ್ಲಿ ಓದಿದ ಎಂಜಿನಿಯರರು. ೨೦೧೮ರಲ್ಲಿ ಪದ್ಮಶ್ರೀ ಪಡೆದರು. ಆದರೆ ಅವರು ಆ ಚಿತ್ರಗಳನ್ನು ಮಾಡಿದ್ದು ನಾವು ನೋಡಿ ಸುಮ್ಮನಿರಲೆಂದಲ್ಲ, ಎದ್ದು ಮಾಡಲೆಂದು. ಬೆಸುಗೆಯ ಬಿಸಿ ಪರದೆಯ ಮೇಲೆ ತಾಗುವುದಿಲ್ಲ.

ಮೂರನೆಯ ಆಕ್ಷೇಪಣೆ ಎಲ್ಲಕ್ಕಿಂತ ಗಂಭೀರವಾದುದು. ಅದನ್ನು ಎತ್ತಿದವನು ನನ್ನ ಪ್ರೀತಿಯ ಗೆಳೆಯನು, ಅವನೂ ಮನೆಯಲ್ಲಿ ಮೊದಲ ಪದವೀಧರನಾಗುವವನೇ. “ತಲೆತಲಾಂತರದಿಂದ ಕೈಕೆಲಸಕ್ಕೆ ಕಟ್ಟಿಹಾಕಿದ್ದರು. ಈಗ ಒಂದಿಷ್ಟು ಬಿಡುಗಡೆಯಾಗುವಷ್ಟರಲ್ಲಿ, ಮತ್ತೆ ಕುಲಕಸುಬಿಗೆ ಹೋಗು ಎನ್ನುತ್ತೀಯಾ?” ಎಂದು ಕೇಳಿದನು. ಈ ಮಾತಿಗೆ ನಾನು ಥಟ್ಟನೆ ಉತ್ತರ ಕೊಡಲಾರದೆ ಹೋದೆನು. ಚರಿತ್ರೆ ಅವನ ಕಡೆಗಿದೆ. ೧೯೩೭ರಲ್ಲಿ, ಅಂದರೆ ಬರ್ಮಿಂಗ್‌ಹ್ಯಾಮಿನಲ್ಲಿ ಆ ಆಟಿಕೆಯ ಕಾರಖಾನೆ ತೆರೆದ ವರ್ಷವೇ, ವರ್ಧಾದಲ್ಲಿ ಗಾಂಧೀಜಿಯವರು ಕೈಕೆಲಸದ ಮೂಲಕ ವಿದ್ಯೆ ಎಂಬ ಯೋಜನೆಯನ್ನು ದೇಶದ ಮುಂದಿಟ್ಟರು. ನಮ್ಮ ಜಿಲ್ಲೆಯ ಹೊಸರಿತ್ತಿಯ ಗಾಂಧಿ ಗ್ರಾಮೀಣ ಗುರುಕುಲ ಆ ವಿಚಾರದ ನೆನಪನ್ನು ಉಳಿಸಿಕೊಂಡಿದೆ. ಆದರೆ ೧೯೫೩ರಲ್ಲಿ ಮದ್ರಾಸ್ ಪ್ರಾಂತದಲ್ಲಿ, ಮಕ್ಕಳು ಅರ್ಧ ದಿವಸ ಶಾಲೆ ಕಲಿತು ಉಳಿದರ್ಧ ತಂದೆಯ ಕಸುಬು ಕಲಿಯಲಿ ಎಂಬ ಯೋಜನೆ ಬಂದಾಗ ಜನ ಸಿಡಿದೆದ್ದರು. ೧೯೫೪ರಲ್ಲಿ ಅದನ್ನು ಹಿಂತೆಗೆದುಕೊಳ್ಳಬೇಕಾಯಿತು. ಸಿಡಿದೆದ್ದುದು ನ್ಯಾಯವೇ ಆಗಿತ್ತು. ಚಮ್ಮಾರನ ಮಗ ಚಪ್ಪಲಿ, ವಕೀಲನ ಮಗ ಕಾನೂನು ಎಂದು ಗೆರೆ ಎಳೆದರೆ ಅದು ವಿದ್ಯೆಯಲ್ಲ, ಬೇಲಿ.

ನಾನು ಕೇಳುವುದು ಅದಕ್ಕೆ ತಲೆಕೆಳಗಾದುದು. ತಗಡಿನವನ ಮಗ ಮಾತ್ರವಲ್ಲ, ತಹಸೀಲ್ದಾರರ ಮಗಳೂ ಪ್ರಾಧ್ಯಾಪಕರ ಮಗನೂ ಒಮ್ಮೆ ಬೆಸುಗೆ ಹಚ್ಚಲಿ. ಯಾರ ಕೈಗೂ ಒಂದು ಕೆಲಸ ಹಣೆಬರಹವಾಗುವುದು ಬೇಡ. ಯಾರ ಕೈಗೂ ಅದು ಅವಮಾನವಾಗುವುದೂ ಬೇಡ. ನಾನು ತಗಡಿನ ಅಂಗಡಿಯಲ್ಲಿ ಕೂರುವವನಲ್ಲ. ಪದವಿ ಮುಗಿಸಿ ಬಿ.ಎಡ್. ಮಾಡಿ ಮಾಸ್ತರನಾಗಬೇಕೆಂಬ ಆಸೆ ನನ್ನದು. ತಂದೆಯವರ ಆಸೆಯೂ ಅದೇ. ಆದರೆ ಓದಿ ಮೇಲೆ ಬರುವುದೆಂದರೆ ನಮ್ಮನ್ನು ಓದಿಸಿದ ಕೈಯನ್ನು ನೋಡಲು ನಾಚುವುದು ಎಂದಾಗಬಾರದು. ನೀರು ತೀರಿದ ಬಾಯ್ಲರಿನ ಪಾಡು ನನಗೆ ಗೊತ್ತಿದೆ.

ಆದ್ದರಿಂದ ಮಾನ್ಯ ಪ್ರಾಚಾರ್ಯರಲ್ಲಿಯೂ ಗುರುವೃಂದದಲ್ಲಿಯೂ ನನ್ನ ವಿನಂತಿ ಇಷ್ಟೆ. ಹೊಸ ಕಟ್ಟಡ ಬೇಡ, ಹೊಸ ಅನುದಾನವೂ ಬೇಡ. ಮುರಿದ ಬೆಂಚುಗಳನ್ನು ಇಟ್ಟಿರುವ ಹಿಂದಿನ ಕೋಣೆಯಲ್ಲಿ ಒಂದು ಮೇಜು, ಒಂದು ಕಪಾಟು, ಒಂದು ಬಕೆಟ್ ಉಸುಕು, ಒಂದು ಬಕೆಟ್ ನೀರು. ಕಪಾಟಿನಲ್ಲಿ ನನ್ನ ಸಂಗ್ರಹದ ಎರಡು ದೋಣಿಗಳು, ಗುಜರಿಯ ಪಟ್ಟಿಗಳ ಡಬ್ಬಿ, ನಾವು ಕಟ್ಟಿದ ಯಂತ್ರ ಎಲ್ಲವನ್ನೂ ಇಡುವೆನು. ಅದಕ್ಕೆ ಕೀಲಿ ಹಾಕಬಾರದೆಂಬುದೊಂದೇ ನನ್ನ ಕರಾರು. ತಿಂಗಳಿಗೊಂದು ಶನಿವಾರ ನಮ್ಮ ಊರಿನ ಒಬ್ಬ ತಗಡಿನವರನ್ನೋ ಕಂಬಾರರನ್ನೋ ಬಡಿಗೇರರನ್ನೋ ಕರೆಯಿಸಿ, ಅತಿಥಿ ಉಪನ್ಯಾಸಕರಿಗೆ ಕೊಡುವಂತೆ ಗೌರವಧನ ಕೊಟ್ಟು, ಆಸೆಯಿದ್ದವರಿಗೆ ಕೆಲಸ ಕಲಿಸಬೇಕು. ಮಾಡಿದ ಪ್ರತಿಯೊಂದು ವಸ್ತುವಿನ ತಳದಲ್ಲಿಯೂ ಮಾಡಿದವರ ಹೆಸರನ್ನು ಕೊರೆಯಬೇಕು. ದೇವರಗುಡ್ಡದ ಆ ದೋಣಿಯ ಮೇಲೆ ಇಲ್ಲದೆಹೋದ ಹೆಸರು ಇವುಗಳ ಮೇಲಾದರೂ ಇರಲಿ.

ಮೂರು ವರ್ಷಗಳ ಹಿಂದೆ ನನ್ನ ಹೆಸರು ಹಚ್ಚಿಸಲು ಬಂದಾಗ ನಮ್ಮ ತಂದೆಯವರು ಕಾಲೇಜಿನ ಗೇಟಿನ ಹೊರಗೆ ಗಿಡದ ಕೆಳಗೇ ನಿಂತಿದ್ದರು. ಒಳಗೆ ಬಾ ಎಂದರೆ, ಕೈ ಹೊಲಸಾಗ್ಯಾವು ಎಂದು ನೆಪ ಹೇಳಿದರು. ಅವರನ್ನು ಯಾರೂ ತಡೆದಿರಲಿಲ್ಲ ಎಂಬುದನ್ನು ನಾನು ಹೇಳಲೇಬೇಕು. ಈ ವರ್ಷದ ಸ್ನೇಹ ಸಮ್ಮೇಳನದಲ್ಲಿ ಯಂತ್ರವನ್ನು ಓಡಿಸಿ ತೋರಿಸಲು ಗುರುಗಳು ಅನುಮತಿ ಕೊಟ್ಟಿದ್ದಾರೆ. ಜತೆಗೆ ನೀನೂ ಬಂದು ಬೆಸುಗೆಯ ಕೆಲಸ ತೋರಿಸಬೇಕೆಂದು ಒಂದು ವಾರದಿಂದ ಅವರನ್ನು ಕಾಡುತ್ತಿದ್ದೆನು. ಮಾತೇ ಆಡಿರಲಿಲ್ಲ. ನಿನ್ನೆ ರಾತ್ರಿ ಊಟಕ್ಕೆ ಕುಳಿತಾಗ ತಾವಾಗಿಯೇ ಕೇಳಿದರು.

“ಅಲ್ಲಿ ಕುಂಡ್ರಾಕ ಏನು ಹಾಕ್ತಾರ?”

“ಕುರ್ಚಿ ಹಾಕ್ತಾರಪ್ಪ, ಎಲ್ಲಾ ಉಪನ್ಯಾಸಕರ ಸಾಲಿನ್ಯಾಗ” ಎಂದೆನು.

“ಕುರ್ಚಿ ಬ್ಯಾಡ. ಕುರ್ಚಿ ಮ್ಯಾಲೆ ಕುಂತು ಬೆಸಿಗಿ ಹಚ್ಚಾಕ ಬರೂದಿಲ್ಲ. ಒಂದು ಮಣಿ ಹಾಕಂತ ಹೇಳು” ಎಂದರು.